ನಿದ್ರೆಯ ಗುಳಿಗೆಯೂ ಪ್ರಮಾಣದ ವಿಚಾರವೂ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯೆಂಬ ಗಾದೆಯು ಲೋಕವಿದಿತವಾದುದು. ಆದರೆ ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ, ಹೊತ್ತೇರಿದ ಮೇಲೆ ಬೈರಕೂರಿನಂಥ ಊರಿಗೆ ಮರಳಿ ಮಲಗುವವನಿಗೆ, ಚಿಂತೆಯಿಲ್ಲದಿದ್ದರೂ ನಿದ್ರೆಯು ದುರ್ಲಭವೇ ಸರಿ. ಇಂಥವನಿಗೆ ಮೆಲಟೋನಿನ್ ಗುಳಿಗೆಯನ್ನು ಹೊಗಳುವವರುಂಟು. ಅದು ಹೃದಯಕ್ಕೆ ಮಾರಕವೆಂದು ಹೆದರಿಸುವವರೂ ಉಂಟು. ಇಬ್ಬರೂ ‘ಸಂಶೋಧನೆಯಾಗಿದೆ’ ಎನ್ನುತ್ತಾರೆ. ಆ ಮಾತನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೆಲಟೋನಿನ್ ಕತ್ತಲಾದೊಡನೆ ನಮ್ಮ ಮಿದುಳಿನ ಪೀನಿಯಲ್ ಗ್ರಂಥಿಯಲ್ಲಿ ಉತ್ಪನ್ನವಾಗುವ ದ್ರವ್ಯವು. ಯೇಲ್ ವಿಶ್ವವಿದ್ಯಾನಿಲಯದ ಆರನ್ ಲರ್ನರ್ ಎಂಬವರು 1958ರಲ್ಲಿ ಇದನ್ನು ಪ್ರತ್ಯೇಕಿಸಿದರು.

ಮೊದಲನೆಯದಾಗಿ, ಗುಣವಾಯಿತೆಂದರೆ ಸಾಲದು. ಎಷ್ಟು ಗುಣವಾಯಿತೆಂದು ಕೇಳಬೇಕು. 19 ಪ್ರಯೋಗಗಳ 1683 ಮಂದಿಯ ಫಲಿತಾಂಶಗಳನ್ನು 2013ರಲ್ಲಿ ಒಟ್ಟುಗೂಡಿಸಿದಾಗ, ಔಷಧಾಂಶವಿಲ್ಲದ ಹುಸಿಗುಳಿಗೆಯನ್ನು ನುಂಗಿದವರಿಗಿಂತ ಇವರಿಗೆ ನಿದ್ರೆಯು ಸುಮಾರು 7 ನಿಮಿಷ ಬೇಗನೆ ಬಂದು, 8 ನಿಮಿಷ ಹೆಚ್ಚಾಗಿ ನಿಂತಿತೆಂದು ತಿಳಿಯಿತು. ಲಾಭವುಂಟು, ಆದರೆ ಅಲ್ಪ.

ಎರಡನೆಯದಾಗಿ, ಪ್ರಯೋಗವು ಯಾರ ಮೇಲೆ ನಡೆಯಿತು? ಪಾಳಿಯ ಕೆಲಸಗಾರರ ಕುರಿತು ಕಾಕ್ರೇನ್ ಸಂಸ್ಥೆಯು 2014ರಲ್ಲಿ ನಡೆಸಿದ ಪರಾಮರ್ಶೆಯಲ್ಲಿ, ಹಗಲಿನ ನಿದ್ರೆಯು ಸರಾಸರಿ 24 ನಿಮಿಷ ವೃದ್ಧಿಯಾದಂತೆ ಕಂಡುಬಂದಿತು. ಆದರೆ ಅದಕ್ಕೆ ಆಧಾರವಾದದ್ದು 7 ಪ್ರಯೋಗಗಳ 263 ಮಂದಿ ಮಾತ್ರ. ಪ್ರಮಾಣವು ದುರ್ಬಲವೆಂದು ಪರಾಮರ್ಶಕರೇ ಹೇಳಿದರು.

ಮೂರನೆಯದಾಗಿ, ಪ್ರಯೋಗದಲ್ಲಿದ್ದ ಪದಾರ್ಥವೇ ಸೀಸೆಯಲ್ಲಿಯೂ ಇದೆಯೆ? ಕೆನಡಾ ದೇಶದಲ್ಲಿ 31 ಸರಕುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಚೀಟಿಯಲ್ಲಿ ನಮೂದಿಸಿದ್ದಕ್ಕಿಂತ ಶೇಕಡಾ 83ರಷ್ಟು ಕಡಮೆಯಿದ್ದುದೂ ಶೇಕಡಾ 478ರಷ್ಟು ಅಧಿಕವಿದ್ದುದೂ ಉಂಟು. ಎಂಟರಲ್ಲಿ ಸೆರಟೋನಿನ್ ಎಂಬ ಬೇರೊಂದು ದ್ರವ್ಯವೇ ಇದ್ದಿತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಭೀತಿಯ ಮಾತಿಗೂ ಇದೇ ಒರೆಗಲ್ಲು. 2025ರ ನವೆಂಬರಿನಲ್ಲಿ ಅಮೆರಿಕದ ಹೃದಯ ಸಂಘದ ಸಭೆಯಲ್ಲಿ, ನಿದ್ರಾಹೀನತೆಯುಳ್ಳ 1,30,000ಕ್ಕೂ ಮಿಕ್ಕ ಜನರ ದಾಖಲೆಗಳ ವರದಿಯೊಂದು ಮಂಡಿತವಾಯಿತು. ಐದು ವರ್ಷಗಳಲ್ಲಿ ಹೃದಯ ವೈಫಲ್ಯವು ದೀರ್ಘಕಾಲ ಗುಳಿಗೆ ಸೇವಿಸಿದವರಲ್ಲಿ ಶೇಕಡಾ 4.6, ಇತರರಲ್ಲಿ 2.7. ಆದರೆ ಅಮೆರಿಕದಲ್ಲಿ ಇದು ವೈದ್ಯರ ಚೀಟಿಯಿಲ್ಲದೆ ಸಿಕ್ಕುವುದರಿಂದ, ಅಂಗಡಿಯಲ್ಲಿ ಕೊಂಡವರು ‘ಸೇವಿಸದವರ’ ಲೆಕ್ಕದಲ್ಲಿ ಸೇರಿರಬಹುದು. ಹೆಚ್ಚು ಅಸ್ವಸ್ಥರಾದವರೇ ಗುಳಿಗೆಗೆ ಕೈನೀಡಿರಲೂಬಹುದು. ಇದು ಎಚ್ಚರಿಕೆಯೇ ಹೊರತು ನಿರ್ಣಯವಲ್ಲ.

ನಮ್ಮ ದೇಶದಲ್ಲಿಯೂ ಸಾಧನವೊಂದುಂಟು. 2007ರಲ್ಲಿ ಸ್ಥಾಪಿತವಾದ ಭಾರತೀಯ ಔಷಧ ಪ್ರಯೋಗಗಳ ನೋಂದಣಿ ಪುಸ್ತಕವು, 2018ರ ಏಪ್ರಿಲಿನಿಂದ, ಪ್ರಯೋಗಕ್ಕೆ ಮೊದಲನೆಯವನನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿಯಾಗಬೇಕೆಂದು ವಿಧಿಸಿದೆ. ಮೊದಲು ಹೇಳಿದ ಗುರಿಯೊಂದು, ಕೊನೆಗೆ ಸಾರಿದ ಫಲವೊಂದು ಆದರೆ ಅದನ್ನು ಅಲ್ಲಿ ತಾಳೆನೋಡಬಹುದು.

ಆದುದರಿಂದ ಎಷ್ಟು ಲಾಭ, ಎಷ್ಟು ಜನರಲ್ಲಿ, ಯಾರ ಹಣದಿಂದ, ಯಾವ ಹೋಲಿಕೆಯಿಂದ ಎಂಬ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದ ಸಂಶೋಧನೆಯನ್ನು ಯಾರೂ ನುಂಗತಕ್ಕದ್ದಲ್ಲ. ಗುಳಿಗೆಯನ್ನು ಕೊಳ್ಳುವ ಮುನ್ನ ಪಾಳಿಯವನು ವೈದ್ಯರನ್ನು ಕಾಣಲಿ. ವಾರವಾರಕ್ಕೂ ಪಾಳಿಯನ್ನು ಬದಲಿಸುವ ಕಾರ್ಖಾನೆಗಳ ಅಧಿಕಾರಿಗಳೂ ಒಂದು ಮಾತನ್ನು ಯೋಚಿಸಲಿ: ಕೆಲಸದ ಏರ್ಪಾಡು ಕಿತ್ತುಕೊಂಡ ನಿದ್ರೆಯನ್ನು ಸೀಸೆಯು ಪೂರ್ತಿಯಾಗಿ ಹಿಂದಿರುಗಿಸಲಾರದು.