ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರು

ಟೈರು ಹಳೆಯದಾಗಿದೆಯೆಂದು ಹೇಗೆ ತಿಳಿಯುತ್ತದೆ? ಈ ಪ್ರಶ್ನೆಗೆ ನಿಮ್ಮಲ್ಲಿ ಹೆಚ್ಚಿನವರು 'ಸವೆದು ಬೋಳಾದಾಗ' ಎಂದು ಉತ್ತರಿಸುತ್ತೀರಿ. ದಿನವೂ ಓಡುವ ಬಸ್ಸು, ಲಾರಿ, ಆಟೋರಿಕ್ಷಾಗಳ ಮಟ್ಟಿಗೆ ಈ ಉತ್ತರ ಬಹುಮಟ್ಟಿಗೆ ಸರಿ. ಆದರೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಶೆಡ್ಡಿನಿಂದ ಹೊರಬರುವ ಹಳೆಯ ಸ್ಪೋರ್ಟ್ಸ್ ಕಾರಿಗೆ ಈ ಲೆಕ್ಕ ಒಗ್ಗುವುದಿಲ್ಲ. ಅಲ್ಲಿ ಟೈರು ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತದೆ. ನೋಡಲು ಹೊಚ್ಚ ಹೊಸದರಂತಿದ್ದರೂ ಹಿಡಿತ ಕಳೆದುಕೊಂಡಿರುತ್ತದೆ.

ಇದರ ಪರಿಣಾಮ ಎಷ್ಟು ಘೋರವಾಗಬಹುದೆಂಬುದಕ್ಕೆ ಒಂದು ಉದಾಹರಣೆ ನೋಡಿ. 2013ರ ನವೆಂಬರ್ 30ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೋರ್ಷೆ ಕರೇರಾ ಜಿಟಿ ಎಂಬ ಕಾರು ಅಪಘಾತಕ್ಕೀಡಾಗಿ ಚಲನಚಿತ್ರ ನಟ ಪಾಲ್ ವಾಕರ್ ಮತ್ತು ಅವರ ಗೆಳೆಯರು ತೀರಿಕೊಂಡರು. ಗಂಟೆಗೆ 45 ಮೈಲಿಯ ಮಿತಿಯಿದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತು, ಆ ಅತಿವೇಗವೇ ಅಪಘಾತಕ್ಕೆ ಕಾರಣ ಎಂದು ತನಿಖಾಧಿಕಾರಿಗಳು 2014ರಲ್ಲಿ ತಿಳಿಸಿದರು. ಜೊತೆಗೆ ಇನ್ನೊಂದು ಸಂಗತಿಯನ್ನೂ ಗುರುತಿಸಿದರು. ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು, ಅದರಿಂದ ಕಾರಿನ ಹತೋಟಿ ಕುಂದಿರಬಹುದು ಎಂಬುದು ಅವರ ಅಭಿಪ್ರಾಯ. ಅತಿವೇಗದ ತಪ್ಪನ್ನು ಯಾವ ಟೈರೂ ತಿದ್ದಲಾರದು. ಆದರೆ ಮುದಿ ಟೈರು ಆ ತಪ್ಪನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ.

ಅಂಚೆ ಕಾರ್ಡಿನಷ್ಟು ಜಾಗ

ಈಗ ಸಾಮಾನ್ಯರೂ ಕೊಳ್ಳಬಹುದಾಗಿದ್ದ ಒಂದು ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳೋಣ. ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5 ಕಾರು 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಎರಡೇ ಆಸನ, ತೆರೆಯಬಹುದಾದ ಮೇಲ್ಛಾವಣಿ, 1.6 ಲೀಟರ್ ಎಂಜಿನ್, ಸುಮಾರು 950 ಕಿಲೋ ತೂಕ. ಅದರ ಮೊದಲ ತಲೆಮಾರಿನ ಕಾರುಗಳು ಹಲವು ದೇಶಗಳಲ್ಲಿ ಇಂದಿಗೂ ಓಡುತ್ತಿವೆ.

ಇಷ್ಟು ಭಾರ ರಸ್ತೆಯನ್ನು ಮುಟ್ಟುವುದು ನಾಲ್ಕೇ ನಾಲ್ಕು ಕಡೆ. ಒಂದೊಂದು ಚಕ್ರದ ಮೇಲೂ ಸುಮಾರು 240 ಕಿಲೋ ಭಾರ ಬೀಳುತ್ತದೆ. ಈ ಕಾರಿನ ಟೈರಿಗೆ ತುಂಬಬೇಕಾದ ಗಾಳಿಯ ಒತ್ತಡ ಚದರ ಅಂಗುಲಕ್ಕೆ 26 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1.8 ಕಿಲೋ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಸುಮಾರು 130 ಚದರ ಸೆಂಟಿಮೀಟರ್ ಬರುತ್ತದೆ. ಟೈರಿನ ಗೋಡೆಗಳೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಲೆಕ್ಕ ಮಾತ್ರ. ನಮ್ಮ ಅಂಚೆ ಕಾರ್ಡಿನ ವಿಸ್ತೀರ್ಣವೂ 126 ಚದರ ಸೆಂಟಿಮೀಟರ್! ಕಾರು ಬ್ರೇಕ್ ಹಾಕಿ ನಿಲ್ಲುವುದು, ತಿರುವಿನಲ್ಲಿ ಹೊರಳುವುದು, ಮುಂದಕ್ಕೆ ನುಗ್ಗುವುದು ಎಲ್ಲವೂ ನಾಲ್ಕು ಅಂಚೆ ಕಾರ್ಡುಗಳಷ್ಟು ರಬ್ಬರಿನ ಬಲದಿಂದಲೇ. ಆ ರಬ್ಬರನ್ನು ಆರಿಸುವುದು ಸಣ್ಣ ವಿಷಯವಲ್ಲವೆಂದು ಈಗ ನಿಮಗೆ ಮನವರಿಕೆಯಾಗಿರಬೇಕು.

ಟೈರಿನ ಮೇಲಿನ ಬರಹ

ಈ ಕಾರಿನ ಮೂಲ ಟೈರಿನ ಪಕ್ಕೆಯ ಮೇಲೆ '185/60 ಆರ್ 14 82 ಎಚ್' ಎಂಬ ಬರಹ ಕಾಣುತ್ತದೆ. ಇದನ್ನು ಬಿಡಿಸಿ ನೋಡೋಣ. 185 ಎಂಬುದು ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 60 ಎಂದರೆ ಪಕ್ಕೆಯ ಎತ್ತರ ಅಗಲದ ಶೇಕಡ 60, ಅಂದರೆ 111 ಮಿ.ಮೀ. 'ಆರ್' ರೇಡಿಯಲ್ ರಚನೆಯ ಗುರುತು. 14 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 82 ಎಂಬುದು ಭಾರದ ಸಂಕೇತ. ಪಟ್ಟಿಯ ಪ್ರಕಾರ ಒಂದು ಟೈರು 475 ಕಿಲೋ ಹೊರಬಲ್ಲದು. 'ಎಚ್' ವೇಗದ ಸಂಕೇತ, ಗಂಟೆಗೆ 210 ಕಿ.ಮೀ.ವರೆಗೆ.

ಒಂದು ಚಕ್ರದ ಮೇಲೆ 240 ಕಿಲೋ ಮಾತ್ರ ಇರುವಾಗ 475 ಕಿಲೋ ಹೊರುವ ಟೈರು ಏಕೆ ಎಂದು ನೀವು ಕೇಳಬಹುದು. ಇಬ್ಬರು ಕುಳಿತು ಜೋರಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ತಿರುವಿನಲ್ಲಿ ಹೊರಬದಿಗೆ ವಾಲುತ್ತದೆ. ಆ ಕ್ಷಣದಲ್ಲಿ ಒಂದೇ ಟೈರಿನ ಮೇಲೆ ಬಹಳ ಹೊರೆ ಬೀಳುತ್ತದೆ. ಆದ್ದರಿಂದ ಹೊಸ ಟೈರಿನ ಭಾರ ಮತ್ತು ವೇಗದ ಸಂಕೇತಗಳು ಮೂಲದಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ಕಡಿಮೆ ಇರಬಾರದು.

ಅಗಲದ ಆಸೆ

ಹಳೆಯ ಕಾರಿನ ಒಡೆಯರಿಗೆ ಸಾಮಾನ್ಯವಾಗಿ ಅಗಲವಾದ ಟೈರಿನ ಮೇಲೆ ಆಸೆ. ಉದಾಹರಣೆಗೆ 205/60 ಆರ್ 14 ಹಾಕಿದರೆ ಏನಾಗುತ್ತದೆ? ಮೂಲ ಟೈರಿನ ಒಟ್ಟು ವ್ಯಾಸ 577.6 ಮಿ.ಮೀ. ಹೊಸದರದ್ದು 601.6 ಮಿ.ಮೀ. ಅಂದರೆ ಚಕ್ರ ಶೇಕಡ 4ರಷ್ಟು ದೊಡ್ಡದಾಯಿತು. ವೇಗಮಾಪಕಕ್ಕೆ ಇದು ತಿಳಿಯದು. ಅದರ ಮುಳ್ಳು ಮೊದಲು ನಿಜವಾದ 100 ಕಿ.ಮೀ.ಗೆ ತೋರುತ್ತಿದ್ದ ಅಂಕಿಯನ್ನು ಈಗ 104 ಕಿ.ಮೀ. ವೇಗಕ್ಕೆ ತೋರಿಸುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು.

ಇನ್ನೊಂದು ಲೆಕ್ಕ ಮಾಡಿ: 195/50 ಆರ್ 15. ರಿಮ್ಮು ಒಂದು ಅಂಗುಲ ದೊಡ್ಡದು, ಪಕ್ಕೆ ಕಿರಿದು. ಒಟ್ಟು ವ್ಯಾಸ 576 ಮಿ.ಮೀ. ಮೂಲಕ್ಕೂ ಇದಕ್ಕೂ ಎರಡು ಮಿ.ಮೀ. ವ್ಯತ್ಯಾಸವೂ ಇಲ್ಲ. 14 ಅಂಗುಲದ ಒಳ್ಳೆಯ ಟೈರು ಸಿಗದ ಕಡೆ ಹಲವರು ರಿಮ್ಮುಗಳನ್ನೂ ಬದಲಿಸಿ ಈ ಅಳತೆಗೆ ಹೋಗುವುದು ಇದೇ ಕಾರಣಕ್ಕೆ. ಆದರೆ ಕಿರಿದಾದ ಪಕ್ಕೆ ರಸ್ತೆಯ ಹೊಂಡಗಳ ಪೆಟ್ಟನ್ನು ಅಷ್ಟಾಗಿ ನುಂಗಿಕೊಳ್ಳುವುದಿಲ್ಲ. ಒಂದು ಗುಣ ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ.

ರಬ್ಬರಿಗೂ ಮುಪ್ಪು

ರಬ್ಬರಿನ ಅಣುಗಳು ಉದ್ದನೆಯ ಸರಪಳಿಗಳು. ಗಂಧಕ ಸೇರಿಸಿ ಕಾಯಿಸಿದಾಗ ಸರಪಳಿಗಳ ನಡುವೆ ಸೇತುವೆಗಳು ಏರ್ಪಟ್ಟು ರಬ್ಬರಿಗೆ ಗಟ್ಟಿತನವೂ ಪುಟಿಯುವ ಗುಣವೂ ಬರುತ್ತವೆ. ಚಾರ್ಲ್ಸ್ ಗುಡ್‌ಇಯರ್ ಈ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1844ರಲ್ಲಿ. ಟೈರು ಕಾರ್ಖಾನೆ ಬಿಟ್ಟ ಮೇಲೂ ರಸಾಯನಕ್ರಿಯೆ ನಿಲ್ಲುವುದಿಲ್ಲ. ಗಾಳಿಯ ಆಮ್ಲಜನಕ ಹೊಸ ಸೇತುವೆಗಳನ್ನು ಕಟ್ಟುತ್ತಾ ರಬ್ಬರನ್ನು ಬಿರುಸಾಗಿಸುತ್ತದೆ. ಓಝೋನ್ ಸರಪಳಿಗಳನ್ನೇ ಕತ್ತರಿಸಿ ಬಿರುಕು ಮೂಡಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆಗಳಿಗೆ ವೇಗ ಹೆಚ್ಚು. ಬಿರುಸಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಅಪ್ಪಿಕೊಳ್ಳಲಾರದು. ಒಳಗಿನ ಉಕ್ಕಿನ ಪಟ್ಟಿಗೂ ರಬ್ಬರಿಗೂ ಇರುವ ಬೆಸುಗೆಯೂ ಸಡಿಲವಾಗುತ್ತಾ ಹೋಗುತ್ತದೆ.

ಇದನ್ನು ತಡೆಯಲು ತಯಾರಕರು ರಬ್ಬರಿನಲ್ಲಿ ಮೇಣವನ್ನೂ ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರು ಉರುಳುತ್ತಾ ಬಾಗಿ ಬಳುಕಿದಂತೆ ಇವು ಒಳಗಿನಿಂದ ಮೇಲಕ್ಕೆ ಬಂದು ಹೊದಿಕೆಯಾಗುತ್ತವೆ. ನಿಂತೇ ಇರುವ ಕಾರಿನಲ್ಲಿ ಈ ಕೆಲಸ ಸರಿಯಾಗಿ ನಡೆಯದು. ಕಡಿಮೆ ಓಡಿಸಿ ಟೈರನ್ನು ಉಳಿಸಿದೆವೆಂಬುದು ಹೀಗಾಗಿ ಹುಸಿ ಸಮಾಧಾನ.

ಟೈರಿನ ವಯಸ್ಸು ತಿಳಿಯುವುದು ಸುಲಭ. ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. '2319' ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. 2000ಕ್ಕೆ ಮೊದಲು ಮೂರೇ ಅಂಕಿಗಳಿದ್ದವು. ಅಂಥ ಟೈರು ಎಲ್ಲಾದರೂ ಕಂಡರೆ ಅದರ ಮೇಲೆ ಸವಾರಿ ಬೇಡ. ಕೆಲವು ಕಾರು ತಯಾರಕರು ಆರು ವರ್ಷಕ್ಕೇ ಟೈರು ಬದಲಿಸಲು ಹೇಳುತ್ತಾರೆ. ಮಿಷೆಲಿನ್ ಕಂಪನಿಯ ಸಲಹೆಯೆಂದರೆ, ಐದು ವರ್ಷದ ನಂತರ ಪ್ರತಿವರ್ಷ ಪರೀಕ್ಷೆ, ಹತ್ತು ವರ್ಷಕ್ಕೆ ಕಡ್ಡಾಯ ಬದಲಾವಣೆ. ಅಂಗಡಿಯಲ್ಲಿ 'ಹೊಸದು' ಎಂದು ಕೊಡುವ ಟೈರೂ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರಬಹುದು. ಹಣ ಕೊಡುವ ಮೊದಲು ಈ ಅಂಕಿಗಳನ್ನು ಓದಬೇಕು.

ಮಳೆಯ ಪರೀಕ್ಷೆ

ಟೈರಿನ ಮೇಲಿನ ಗೀರುಗಳು ಅಂದಕ್ಕಲ್ಲ, ನೀರನ್ನು ಹೊರದೂಡುವುದಕ್ಕೆ. ನೀರು ದೂಡಲಾಗದಷ್ಟು ಹೆಚ್ಚಾದಾಗ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. 1963ರಲ್ಲಿ ನಾಸಾ ಸಂಸ್ಥೆಯ ಸಂಶೋಧಕರು ವಿಮಾನದ ಟೈರುಗಳನ್ನು ಪರೀಕ್ಷಿಸಿ, ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂದು ಪ್ರಕಟಿಸಿದರು. ಒತ್ತಡದ ಪೌಂಡ್‌ಗಳ ವರ್ಗಮೂಲವನ್ನು 16.7ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಬರುತ್ತದೆ. ನಮ್ಮ ಉದಾಹರಣೆಯ 26 ಪೌಂಡಿಗೆ ಸುಮಾರು 85 ಕಿ.ಮೀ. ಬೋಳು ಟೈರಿಗೂ ಆಳವಾದ ನೀರಿಗೂ ಇದು ಹೆಚ್ಚು ಅನ್ವಯಿಸುತ್ತದೆ. ಒಳ್ಳೆಯ ಗೀರುಗಳಿದ್ದರೆ ಅಪಾಯ ಮುಂದೆ ಸರಿಯುತ್ತದೆ.

ಸಾಧ್ಯವಾದರೆ ನಾಲ್ಕೂ ಟೈರುಗಳನ್ನು ಒಟ್ಟಿಗೆ, ಒಂದೇ ಬಗೆಯವನ್ನು ಹಾಕಬೇಕು. ಎರಡನ್ನೇ ಕೊಳ್ಳುವುದಾದರೆ ಹೊಸವು ಹಿಂದಿರಲಿ ಎನ್ನುತ್ತಾರೆ ಟೈರು ತಯಾರಕರು. ಮುಂದಿನವು ಜಾರಿದರೆ ಕಾರು ನೇರಕ್ಕೆ ಸಾಗುತ್ತದೆ, ವೇಗ ತಗ್ಗಿಸಿ ಸಾವರಿಸಿಕೊಳ್ಳಬಹುದು. ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ.

ಒಳ್ಳೆಯ ಟೈರು ಸಿಗದ ಕಷ್ಟ ಕಾರು ತಯಾರಕರಿಗೂ ಅರಿವಾಗಿದೆ. 2017ರಲ್ಲಿ ಮಾಜ್ದಾ ತನ್ನ ಮೊದಲ ತಲೆಮಾರಿನ ಎಂಎಕ್ಸ್-5 ಕಾರುಗಳನ್ನು ಜಪಾನಿನಲ್ಲಿ ದುರಸ್ತಿ ಮಾಡಿಕೊಡುವ ಯೋಜನೆ ಪ್ರಕಟಿಸಿದಾಗ, ಬ್ರಿಜ್‌ಸ್ಟೋನ್ ಕಂಪನಿ ಅದಕ್ಕಾಗಿ ಹಳೆಯ 185/60 ಆರ್ 14 ಅಳತೆಯ ಟೈರನ್ನು ಮತ್ತೆ ತಯಾರಿಸಿತು.

ನಿಮ್ಮ ಮನೆಯಲ್ಲಿ ಸ್ಪೋರ್ಟ್ಸ್ ಕಾರು ಇಲ್ಲದಿರಬಹುದು. ಆದರೆ ಸ್ಕೂಟರೋ ಮೋಟಾರ್ ಸೈಕಲ್ಲೋ ಇದ್ದೀತು. ಇಂದು ಸಂಜೆ ಬಗ್ಗಿ ಅದರ ಟೈರಿನ ಪಕ್ಕೆಯನ್ನು ಒರೆಸಿ ಆ ನಾಲ್ಕು ಅಂಕಿಗಳನ್ನು ಹುಡುಕಿ. ವಯಸ್ಸನ್ನು ಲೆಕ್ಕ ಹಾಕಿ ಮನೆಯ ಹಿರಿಯರಿಗೆ ತಿಳಿಸಿ. ಕಾರಿದ್ದರೆ ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ಮರೆಯಬೇಡಿ. ಎಲ್ಲಕ್ಕಿಂತ ಹೆಚ್ಚು ವಯಸ್ಸಾಗಿರುವುದು ಬಹುಶಃ ಅದಕ್ಕೇ.