ಮಗುವಿಗೊಂದು ಮೊಲದ ಹೊದಿಕೆ



ಅಮ್ಮನ ಹಳೇ ಸೀರೆಯ ಸೆರಗು ಹಿಡಿದುಕೊಳ್ಳದೆ ನಿದ್ದೆಯೇ ಮಾಡದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಒಗೆಯಲು ತೆಗೆದುಕೊಂಡರೂ ಅಳು! ಇದು ಹಟ ಅಲ್ಲ. ಅಮ್ಮ ಹತ್ತಿರ ಇಲ್ಲದಾಗ ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ ಅದು ಎಂದು ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದ್ದಾರೆ. ಈಗ ಇದಕ್ಕೆಂದೇ ಚಿಕ್ಕ ಹೊದಿಕೆಗಳನ್ನು ಹೆಣೆಯುತ್ತಾರೆ. ಒಂದು ಅಡಿ ಚೌಕದ ಬಟ್ಟೆ, ನಡುವೆ ಮೊಲದ್ದೋ ಕರಡಿಯದ್ದೋ ತಲೆ. ಹೆಸರಿಗೆ ಹೊದಿಕೆ, ಇರುವುದು ಮಗು ಹಿಡಿದುಕೊಳ್ಳಲು. ಕ್ರೋಶಾ ಬಲ್ಲ ನಮ್ಮ ಸದಸ್ಯೆಯರಿಗೆ ಇದು ಕಷ್ಟದ ಕೆಲಸವಲ್ಲ.

ಮೊದಲು ನೂಲು. ಮಗು ಇದನ್ನು ಬಾಯಿಗೆ ಹಾಕಿಯೇ ಹಾಕುತ್ತದೆ. ಹಾಗಾಗಿ ರೋಮ ಉದುರುವ ಉಲ್ಲನ್ ಬೇಡ, ಹತ್ತಿ ನೂಲೇ ಆಗಬೇಕು. ಗಾಢ ಬಣ್ಣವಾದರೆ ಒಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ಒದ್ದೆ ಮಾಡಿ ನೋಡಿ. ಬಣ್ಣ ಬಿಟ್ಟರೆ ಅದು ಬೇಡ.

ಹೊದಿಕೆಗೆ ನಾಲ್ಕು ಚೈನು ಹಾಕಿ ಉಂಗುರ ಮಾಡಿ. ಉಂಗುರದೊಳಗೆ ಮೂರು ಕಂಬ, ಎರಡು ಚೈನು, ಹೀಗೆ ನಾಲ್ಕು ಸಲ. (ಕಂಬ ಅಂದರೆ ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಂಡು ಹಾಕುವ ಉದ್ದ ಹೆಣಿಗೆ. ಪ್ರತಿ ಸುತ್ತಿನ ಮೊದಲ ಮೂರು ಚೈನನ್ನು ಒಂದು ಕಂಬ ಎಂದು ಎಣಿಸಿ.) ಮುಂದಿನ ಸುತ್ತುಗಳಲ್ಲಿ ಪ್ರತಿ ಕಂಬದ ಮೇಲೆ ಒಂದು ಕಂಬ, ನಾಲ್ಕು ಮೂಲೆಗಳಲ್ಲಿ ಎರಡು ಕಂಬ, ಎರಡು ಚೈನು, ಮತ್ತೆ ಎರಡು ಕಂಬ. ಪ್ರತಿ ಬದಿ 3, 7, 11, 15 ಹೀಗೆ ಬೆಳೆಯುತ್ತದೆ. ಎಣಿಕೆ ತಪ್ಪಿದರೆ ಚೌಕ ಸೊಟ್ಟಗಾಗುತ್ತದೆ. ಜಾಲರಿ ಡಿಸೈನು ನೋಡಲು ಚಂದವೇ, ಆದರೆ ಆ ತೂತುಗಳಲ್ಲಿ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನಾವು ಒತ್ತು ಹೆಣಿಗೆ ಹೇಳುವುದು.

ತಲೆಗೆ ಸಣ್ಣ ಕಡ್ಡಿ, ದಾರ ಸುತ್ತಿಕೊಳ್ಳದೆ ಹಾಕುವ ಗಿಡ್ಡ ಹೆಣಿಗೆ. ಆರರಿಂದ ಶುರು ಮಾಡಿ ಸುತ್ತಿಗೆ ಆರಾರು ಹೆಚ್ಚಿಸುತ್ತಾ 12, 18, 24, 30ಕ್ಕೆ ಬನ್ನಿ. ಮೂವತ್ತರಲ್ಲೇ ಆರು ಸುತ್ತು ಹೋಗಿ, ಆಮೇಲೆ ಹಾಗೆಯೇ 12ಕ್ಕೆ ಇಳಿಸಿ. ಬಾಯಿ ಪೂರ್ತಿ ಮುಚ್ಚುವ ಮೊದಲು ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಿ. ಬೂರುಗದ ಹತ್ತಿ, ಹಳೇ ಬಟ್ಟೆ ಚೂರು ತುಂಬಿದರೆ ಮಳೆಗಾಲದಲ್ಲಿ ಒಳಗೆ ಒಣಗುವುದೇ ಇಲ್ಲ, ಮುಗ್ಗಲು ಹಿಡಿಯುತ್ತದೆ. ಕಿವಿಗೆ ಏನೂ ತುಂಬಬೇಡಿ.

ಕಣ್ಣಿಗೆ ಗುಂಡಿ, ಮಣಿ ಬೇಡವೇ ಬೇಡ! ಕಿತ್ತು ಬಂದರೆ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕಪ್ಪು ನೂಲಿನಲ್ಲಿ ಕಸೂತಿ ಮಾಡಿದರೆ ಸಾಕು. ರಿಬ್ಬನು, ಉದ್ದ ದಾರ ಕಟ್ಟಬೇಡಿ. ಮುಗಿದ ಮೇಲೆ ಕಿವಿ, ತಲೆ ಎರಡನ್ನೂ ಜೋರಾಗಿ ಎಳೆದು ನೋಡಿ, ಒಗೆದು ಮತ್ತೊಮ್ಮೆ ಎಳೆಯಿರಿ.

ಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ಒಂದು ವರ್ಷ ತುಂಬದ ಮಗು ಮಲಗಿರುವ ತೊಟ್ಟಿಲಲ್ಲಿ ಇದನ್ನು ಇಡಬಾರದು. ಮುಖದ ಮೇಲೆ ಬಿದ್ದರೆ ಉಸಿರು ಕಟ್ಟಬಹುದು. ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು ಮಾತ್ರ ಕೊಡಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೂ ಮಗು ಮಲಗುವ ಜಾಗದಲ್ಲಿ ಮೆತ್ತನೆಯ ವಸ್ತು ಬೇಡ ಎಂದೇ ಹೇಳಿದೆ. ಇದನ್ನು ಹೇಳಿದರೆ ವ್ಯಾಪಾರ ಕಡಿಮೆ ಆಗ್ತದೆ ಅಂತ ಕೆಲವರು ಹೆದರ್ತಾರೆ. ಆದರೂ ಚೀಟಿಯಲ್ಲಿ ಬರೆದೇ ಕೊಡೋಣ.

ಇನ್ನು ಬೆಲೆ. ನೂಲಿನ ದುಡ್ಡಿಗೆ ಹತ್ತಿಪ್ಪತ್ತು ರೂಪಾಯಿ ಸೇರಿಸಿ ಮಾರುವುದು ನಮ್ಮ ಗುಂಪುಗಳ ಹಳೇ ಅಭ್ಯಾಸ. ಆಂಧ್ರದ ನರಸಾಪುರದಲ್ಲಿ ಹೆಂಗಸರು ಹೆಣೆದ ಕ್ರೋಶಾ ಲೇಸು ಪರದೇಶಕ್ಕೆ ಹೋಗುತ್ತಿತ್ತು, ಅವರ ಕೈಗೆ ಬರುತ್ತಿದ್ದದ್ದು ಮಾತ್ರ ಪುಡಿಗಾಸು. ಅದು ಕೆಲಸವಲ್ಲ, ಮನೆಯಲ್ಲಿರುವವರ ಬಿಡುವಿನ ಹವ್ಯಾಸ ಎಂದು ಲೆಕ್ಕ ಹಾಕಿದ್ದೇ ಕಾರಣ ಎಂದು ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಮೊದಲ ಹೊದಿಕೆ ಹೆಣೆಯುವಾಗಲೇ ಗಡಿಯಾರ ನೋಡಿ ಗಂಟೆ ಬರೆದಿಡಿ. ಆ ಗಂಟೆಗಳಿಗೆ ಕೂಲಿ ಹಾಕಿದ ಮೇಲೆ ಬೆಲೆ ಹೇಳಿ.

ಪ್ರಾಣಿಯ ತಲೆ ಇರುವುದರಿಂದ ಇದನ್ನು ಆಟಿಕೆ ಎಂದೇ ತಿಳಿಯುವುದು ಕ್ಷೇಮ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಕೇಂದ್ರ ಸರಕಾರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ ವಿನಾಯಿತಿ ಇದೆ. ಹಾಗಾಗಿ ಸ್ಟಾಲ್ ಹಾಕುವ ಮೊದಲು ಹೆಣೆಯುವವರ ಹೆಸರು ಅಲ್ಲಿ ನೋಂದಾವಣೆ ಆಗಿದೆಯೇ ಎಂಬುದನ್ನು ಮುಂದಿನ ಸಭೆಯಲ್ಲೇ ವಿಚಾರಿಸಿಕೊಳ್ಳಿ.