ಚಾವಟಿಯ ಕಂಬದ ಊರಿನಲ್ಲಿ ಕಡಲ ತಾಯಿ

ಬ್ರೆಜಿಲ್ ದೇಶದ ಪೂರ್ವ ತೀರದಲ್ಲಿ, ವಿಶಾಲವಾದ ಕೊಲ್ಲಿಯೊಂದರ ಬಾಯಿಯಲ್ಲಿ, ಸಾಲ್ವಡಾರ್ ನಗರವು ನೆಲೆಸಿದೆ. ಇದು ಎರಡು ಅಂತಸ್ತಿನ ಊರು. ಕೆಳಗೆ ಬಂದರು ಮತ್ತು ಪೇಟೆ. ಮೇಲೆ, ಕಡಿದಾದ ದಿಬ್ಬದ ನೆತ್ತಿಯಲ್ಲಿ, ಹಳೆಯ ಸೌಧಗಳೂ ಇಗರ್ಜಿಗಳೂ. 1873ರಲ್ಲಿ ಆರಂಭವಾದ ಲಸೆರ್ಡಾ ಲಿಫ್ಟು ಇವೆರಡನ್ನೂ ಜೋಡಿಸುತ್ತದೆ. ಅದರ ಗೋಪುರದ ಎತ್ತರ 72 ಮೀಟರು. ಪೇಟೆಯ ಗದ್ದಲದಲ್ಲಿ ಅದನ್ನು ಹತ್ತಿದ ಪ್ರವಾಸಿಗನು ಕ್ಷಣಾರ್ಧದಲ್ಲಿ ನಾಲ್ಕು ಶತಮಾನಗಳ ಇತಿಹಾಸದ ಮುಂದೆ ಬಂದು ನಿಲ್ಲುತ್ತಾನೆ.

1549ರಲ್ಲಿ ಪೋರ್ಚುಗೀಸರು ಕಟ್ಟಿದ ಈ ನಗರವು 1763ರವರೆಗೆ ಅವರ ಬ್ರೆಜಿಲ್ ವಸಾಹತಿನ ರಾಜಧಾನಿಯಾಗಿತ್ತು. ಕಬ್ಬಿನ ತೋಟಗಳಿಂದ ಅದಕ್ಕೆ ಸಿರಿ ಬಂದಿತು. ಆ ತೋಟಗಳಲ್ಲಿ ದುಡಿದವರು ಆಫ್ರಿಕದಿಂದ ಸಂಕೋಲೆಯಲ್ಲಿ ತಂದಿಳಿಸಿದ ಗುಲಾಮರು. ಬ್ರೆಜಿಲಿಗೆ ಹೀಗೆ ಬಂದಿಳಿದವರು ಸುಮಾರು 48 ಲಕ್ಷ ಮಂದಿ. ಮೇಲಿನ ಊರಿನ ಹಳೆಯ ಭಾಗವನ್ನು ಇಂದಿಗೂ ಪೆಲೋರಿನ್ಯೊ ಎಂದು ಕರೆಯುತ್ತಾರೆ. ಗುಲಾಮರನ್ನು ಕಟ್ಟಿ ಚಾವಟಿಯಿಂದ ಹೊಡೆಯುತ್ತಿದ್ದ ಕಂಬದ ಹೆಸರು ಅದು. ಕಂಬ ಹೋಯಿತು, ಹೆಸರು ಉಳಿಯಿತು.

ಆ ಚೌಕದಲ್ಲೇ ನೀಲಿ ಬಣ್ಣದ ಇಗರ್ಜಿಯೊಂದಿದೆ. ಕಪ್ಪು ಜನರ ರೋಜರಿ ಮಾತೆಗೆ ಮೀಸಲಾದ ಈ ದೇವಮಂದಿರವನ್ನು 18ನೆಯ ಶತಮಾನದಲ್ಲಿ ಗುಲಾಮರೂ ಬಿಡುಗಡೆ ಪಡೆದವರೂ ಸೇರಿ ತಮಗಾಗಿ ಕಟ್ಟಿಕೊಂಡರು. ಹಗಲು ಒಡೆಯನ ಕೆಲಸ, ಇರುಳು ದೇವರ ಕೆಲಸ. ಅದು ಪೂರ್ಣವಾಗಲು ಹಲವು ದಶಕಗಳೇ ಹಿಡಿದವು. 1835ರ ಜನವರಿಯಲ್ಲಿ ಇದೇ ನಗರದ ಆಫ್ರಿಕನ್ ಮುಸಲ್ಮಾನರು ದಂಗೆಯೆದ್ದು ಸೋತರು. ಗುಲಾಮಗಿರಿಯು ಕೊನೆಗೊಂಡದ್ದು 1888ರ ಮೇ 13ರಂದು. ಅಮೆರಿಕ ಖಂಡಗಳಲ್ಲೆಲ್ಲ ಬ್ರೆಜಿಲೇ ಕಡೆಯದು.

ದೇಹವನ್ನು ಕಟ್ಟಿದವರಿಗೆ ಮನಸ್ಸನ್ನು ಕಟ್ಟಲಾಗಲಿಲ್ಲ. ಯೊರೂಬಾ ಮೊದಲಾದ ಜನಾಂಗಗಳ ದೇವತೆಗಳು ಕ್ರೈಸ್ತ ಸಂತರ ಮರೆಯಲ್ಲಿ ಬದುಕಿದರು. ಕಾಂಡೊಂಬ್ಲೆ ಎಂಬ ಆ ಆರಾಧನೆಗೆ 1976ರವರೆಗೂ ಪೊಲೀಸರ ಪರವಾನಗಿ ಬೇಕಾಗಿತ್ತು. ನೃತ್ಯವೂ ಮಲ್ಲಯುದ್ಧವೂ ಬೆರೆತ ಕಪೊಯೆರಾ ಎಂಬ ಕಲೆಯನ್ನು 1890ರ ದಂಡಸಂಹಿತೆ ಅಪರಾಧವೆಂದು ಸಾರಿತ್ತು. 2014ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನೇ ಮಾನವಕುಲದ ಪರಂಪರೆಯೆಂದು ಗೌರವಿಸಿತು. ಕಾಲದ ತಕ್ಕಡಿ ನಿಧಾನವಾಗಿಯಾದರೂ ತೂಗುತ್ತದೆ.

ಬೀದಿಯ ಮೂಲೆಗಳಲ್ಲಿ ಬಿಳಿಯ ಲಂಗ, ಬಿಳಿಯ ತಲೆವಸ್ತ್ರ ಧರಿಸಿದ ಹೆಂಗಸರು ಅಕರಜೆ ಕರಿಯುತ್ತಾರೆ. ನೆನೆಹಾಕಿದ ಅಲಸಂದೆಯ ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಬೆರೆಸಿ, ಕೆಂಬಣ್ಣದ ತಾಳೆ ಎಣ್ಣೆಯಲ್ಲಿ ಕರಿದ ಈ ತಿಂಡಿಯು ನಮ್ಮ ವಡೆಯನ್ನು ನೆನಪಿಗೆ ತರುತ್ತದೆ. ಅವರ ಪಾಲಿಗೆ ಇದು ಬಿರುಗಾಳಿಯ ದೇವತೆಯ ನೈವೇದ್ಯವೂ ಹೌದು. ಇನ್ನೊಂದು ನಂಟೂ ಇದೆ: ಕರಾವಳಿ ಕನ್ನಡಿಗರ ಗೇರುಮರದ ತವರು ಬ್ರೆಜಿಲ್; ಅಲ್ಲಿನ ತೋಪುಗಳ ಹಲಸು, ಮಾವುಗಳ ತವರು ಭಾರತ. ಎರಡೂ ಕಡೆಗೆ ಅವನ್ನು ಸಾಗಿಸಿದವರು ಪೋರ್ಚುಗೀಸರೇ.

1985ರಲ್ಲಿ ಪೆಲೋರಿನ್ಯೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1990ರ ದಶಕದಲ್ಲಿ ಜೀರ್ಣವಾಗಿದ್ದ ಮನೆಗಳಿಗೆ ಹೊಸ ಬಣ್ಣ ಬಂದಿತು. ಆದರೆ ಅವುಗಳಲ್ಲಿ ಬಾಳಿದ್ದ ಬಡ ಕುಟುಂಬಗಳಲ್ಲಿ ಹೆಚ್ಚಿನವು ಅಲ್ಪ ಪರಿಹಾರ ಪಡೆದು ಬೇರೆಡೆಗೆ ಹೋಗಬೇಕಾಯಿತು. ಬಣ್ಣದ ಗೋಡೆಗಳನ್ನು ಮೆಚ್ಚುವ ಪ್ರವಾಸಿಗನು ಇದನ್ನೂ ಅರಿತಿರುವುದು ಒಳಿತು.

ದಿಬ್ಬವಿಳಿದರೆ ಕಡಲು. ಬಾರ್ರಾದ ಪುಟ್ಟ ಮರಳುದಂಡೆಯು ಪಶ್ಚಿಮಕ್ಕೆ ಮುಖಮಾಡಿದೆ; ಆದ್ದರಿಂದ ಪೂರ್ವ ತೀರದ ಈ ನಗರದಲ್ಲೂ ಸೂರ್ಯನು ನೀರಿನಲ್ಲಿ ಮುಳುಗುವುದನ್ನು ಕಾಣಬಹುದು. ಸಮೀಪದಲ್ಲೇ ಕೋಟೆಯೊಳಗಿನ ದೀಪಸ್ತಂಭ. ಇನ್ನೂ ಮುಂದೆ ಇಟಪುವಾದ ತೆಂಗುಗಳು. ಕೊಲ್ಲಿಯ ಆಚೆಗೆ ಇಟಪರಿಕಾ ದ್ವೀಪ. ಈಜುವವರಿಗೆ ಬಾರ್ರಾದ ಶಾಂತ ನೀರು ಹಿತವಾದುದು.

ಪ್ರತಿ ವರ್ಷ ಫೆಬ್ರವರಿ 2ರಂದು ರಿಯೊ ವೆರ್ಮೆಲ್ಯೊ ಎಂಬ ದಡದಲ್ಲಿ ಜನಸಾಗರವೇ ಸೇರುತ್ತದೆ. ಹೂವು, ಕನ್ನಡಿ, ಬಾಚಣಿಗೆ, ಸುಗಂಧಗಳನ್ನು ಬುಟ್ಟಿಗಳಲ್ಲಿ ತುಂಬಿ, ಬೆಸ್ತರು ದೋಣಿಗಳಲ್ಲಿ ಒಯ್ದು, ಯೆಮಂಜಾ ಎಂಬ ಕಡಲ ತಾಯಿಗೆ ಅರ್ಪಿಸುತ್ತಾರೆ. ಹೊಳೆಗೆ ಬಾಗಿನ ಬಿಡುವ ನಾಡಿನವರಿಗೆ ಈ ದೃಶ್ಯದ ಅರ್ಥವನ್ನು ವಿವರಿಸಬೇಕಾಗಿಲ್ಲ. ಪೂರ್ವಜರನ್ನು ಸಂಕೋಲೆಯಲ್ಲಿ ಹೊತ್ತು ತಂದ ಅದೇ ಕಡಲನ್ನು ಅವರ ಮಕ್ಕಳು ತಾಯಿಯೆಂದು ಕರೆದು, ಅದಕ್ಕೆ ಹೂವು ಕೊಡುತ್ತಾರೆ. ಸಾಲ್ವಡಾರಿಗೆ ಹೋದವನು ನೀರಿಗೆ ಇಳಿಯುವ ಮೊದಲು ಒಮ್ಮೆ ಆ ದಿಬ್ಬವನ್ನು ಹತ್ತಿಬರಬೇಕು.